ರೆಕ್ಕೆ ಮಾರಿದರು, ಪಗಾರ ಮರೆತರು

2003ರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥರು ಬೆಂಗಳೂರಿನಲ್ಲಿ ಏರ್ ಡೆಕ್ಕನ್ ಆರಂಭಿಸಿದಾಗ ನಾವೂ ಹಿಗ್ಗಿದೆವು. ಹುಬ್ಬಳ್ಳಿಗೂ ಪುಟ್ಟ ಎ.ಟಿ.ಆರ್. ವಿಮಾನ, ಕೆಲವು ಸೀಟಿಗೆ ಒಂದೇ ರೂಪಾಯಿ! ತಿಂಡಿಗೆ ಮಾತ್ರ ಬೇರೆ ದುಡ್ಡು. ಹೋಟೆಲಿನವರಾದ ನಮಗೆ ಅದರಲ್ಲಿ ತಪ್ಪು ಕಾಣಲಿಲ್ಲ. ಆದರೆ ನಷ್ಟ ಏರಿತು. 2007ರಲ್ಲಿ ಮಲ್ಯರ ಬಳಗ ಅದರ ಪಾಲು ಕೊಂಡಿತು, ಮರುವರ್ಷ ಕಿಂಗ್‌ಫಿಷರಿನೊಳಗೆ ಆ ಹೆಸರೂ ಅಳಿಯಿತು.

2012ರ ಅಕ್ಟೋಬರಿನಲ್ಲಿ ಏನಾಯಿತು? ಏಳು ತಿಂಗಳ ಸಂಬಳ ಕಾಣದ ಕಿಂಗ್‌ಫಿಷರ್ ನೌಕರರು ಮುಷ್ಕರ ಹೂಡಿದರು. ಮಾಲೀಕರು ಲಾಕೌಟ್ ಸಾರಿದರು. ವಿಮಾನಗಳು ಮತ್ತೆ ಹಾರಲಿಲ್ಲ. ಬ್ಯಾಂಕಿನ ಸಾಲಕ್ಕಾದರೆ ಕೋರ್ಟು, ಜಪ್ತಿ, ಹರಾಜು ಎಲ್ಲವೂ ಉಂಟು. ದುಡಿದವನ ಪಗಾರಕ್ಕೆ?

ಬಾಂಧವರೆ, 1982ರ ಮುಷ್ಕರದ ನಂತರ ಬಾಕಿಗಾಗಿ ಗಿರಣಿಯ ಗೇಟಿನಲ್ಲಿ ನಿಂತ ನಮಗೆ ಈ ಕಥೆ ಹೊಸತೆ? ಅಗ್ಗದ ಟಿಕೆಟ್ಟನ್ನು ನಾವು ದೂರುವುದಿಲ್ಲ. ಕಂಪನಿ ಕೈಬದಲಾಗಲಿ, ಮುಚ್ಚಲಿ, ಮೊದಲು ಕಾರ್ಮಿಕನ ಬಾಕಿ ತೀರಲಿ ಎನ್ನುತ್ತೇವೆ.