ಸೆನ್ಸರ್ ಆಮೇಲೆ, ಮೊದ್ಲು ವೈರಿನ ಪ್ಲಗ್ ನೋಡ್ಸಿ

ಕಾರಲ್ಲಿ ಇಂಜಿನ್ ಲೈಟ್ ಹತ್ತಿತು ಅಂದ್ರೆ ಸಾಕು, ‘ಸೆನ್ಸರ್ ಹೋಗ್ಬುಟ್ಟದೆ, ಹೊಸಾದು ಹಾಕ್ಬೇಕು’ ಅಂತಾರೆ. ಸುಮ್ಗೆ ತಲೆ ಆಡಿಸ್ಬ್ಯಾಡಿ ಕಣ್ರವ್ವ. ಬಲ್ಬ್ ಹತ್ನಿಲ್ಲ ಅಂದ್ರೆ ಮೊದ್ಲು ಹೋಲ್ಡರ್ ನೋಡಲ್ವಾ? ಹುಣಸೂರು, ಕೋಟೆ ಕಡೆ ಕೊಟ್ಟಿಗೆ ಪಕ್ಕ ಕಾರ್ ನಿಲ್ಸಿದ್ರೆ ಇಲಿ ವೈರ್ ಕಡೀತದೆ. ಇಂಜಿನ್ ಕಾವಿಗೆ ಪ್ಲಗ್ಗಿನ ಲಾಕ್ ಮುರೀತದೆ, ನೀರು ಸೇರಿ ಪಿನ್ನು ಹಸಿರುಗಟ್ತದೆ. ಸ್ಕ್ಯಾನರಲ್ಲಿ ಪಿ0118 ಬಂದ್ರೆ ಇಂಜಿನ್ ನೀರಿನ ಬಿಸಿ ಅಳೆಯೋ ಸರ್ಕ್ಯೂಟಲ್ಲಿ ತೊಂದ್ರೆ ಅಂತ ಅರ್ಥ. ಸೆನ್ಸರೇ ಸತ್ತದೆ ಅಂತಲ್ಲ, ಪ್ಲಗ್ ಬಿಟ್ಕೊಂಡಿದ್ರೂ ಅದೇ ಬತ್ತದೆ. ಪ್ಲಗ್ ಕೆಟ್ಟಿದ್ರೆ ಪ್ಲಗ್ ಮಾತ್ರ ಹಾಕ್ಸಿ. ಬ್ಯಾಟ್ರಿ ಮೈನಸ್ ಬಿಚ್ಚಿ, ಒಂದೊಂದೇ ವೈರ್ ಕತ್ರಿಸಿ ಬೆಸೆದು, ಶ್ರಿಂಕ್ ಟ್ಯೂಬ್ ಹಾಕ್ಬೇಕು. ಬರೀ ಟೇಪ್ ಸುತ್ತುದ್ರೆ ಒಪ್ಕಬ್ಯಾಡಿ. ‘ಪ್ಲಗ್ ಬಿಚ್ಚಿ ತೋರ್ಸಪ್ಪ’ ಅನ್ನೋಕೆ ಗಂಡಸರೇ ಬೇಕಾ? ದುಡ್ಡು ಮನೇದು.