ಅಡುಗೆಮನೆ ನೆಲ: ಶೋರೂಮಿನ ಹೊಳಪೋ, ಊರಿನ ಪರಸಿಯೋ?

ಅಡುಗೆಮನೆ ರಿಪೇರಿ ಅಂದರೆ ನಮ್ಮ ಕಡೆ ಮೊದಲು ಏಳುವುದೇ ಹಳೇ ಪರಸಿ. ಯಾದಗಿರಿ, ಶಹಾಪುರ, ಸುರಪುರದ ಯಾವ ಓಣಿಗೆ ಹೋದರೂ ನೋಡಿ, ಕೆಲಸ ನಡೆದಿರುವ ಮನೆ ಮುಂದೆ ಟೈಲ್ಸ್ ಡಬ್ಬಿಗಳ ಸಾಲು, ಪಕ್ಕದಲ್ಲಿ ಕಿತ್ತೆಸೆದ ಶಹಾಬಾದ ಕಲ್ಲು. ‘ಹಳೇ ಕಾಲದ್ದು ಬಿಡ್ರಿ, ಚಂದ ಕಾಣಂಗಿಲ್ಲ’ ಅನ್ನುತ್ತಾನೆ ಮೇಸ್ತ್ರಿ. ಮನೆಯವರು ತಲೆಯಾಡಿಸುತ್ತಾರೆ. ದಿನಕ್ಕೆ ನಾಲ್ಕೈದು ತಾಸು ಆ ನೆಲದ ಮೇಲೆ ನಿಲ್ಲುವವಳನ್ನು ಕೇಳುವುದು ಬಣ್ಣ ಯಾವುದಿರಲಿ ಅಂತ ಮಾತ್ರ!

ನಾನೂ ಬಣ್ಣ ಮಾತ್ರ ಹೇಳಿದವಳೇ. ಶಹಾಪುರದ ನಮ್ಮ ಮನೆಗೆ ಕೆನೆಬಣ್ಣದ, ಕನ್ನಡಿಯಂತೆ ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಬಂತು. ತಿಂಗಳು ತುಂಬಿರಲಿಲ್ಲ, ರೊಟ್ಟಿ ಬಡಿದು ಎದ್ದ ಅತ್ತೆ ಜಾರಿ ಬಿದ್ದರು. ಮಣಿಕಟ್ಟು ಮುರಿದು ಆರು ವಾರ ಪ್ಲಾಸ್ಟರ್. ನೆಲದ ಮೇಲಿದ್ದದ್ದು ಒಂದಿಷ್ಟು ಜೋಳದ ಹಿಟ್ಟು, ನಾಲ್ಕು ಹನಿ ನೀರು, ಅಷ್ಟೇ. ‘ಇಷ್ಟು ವರ್ಷ ಪರಸಿ ಮ್ಯಾಲ ರೊಟ್ಟಿ ಬಡದೀನಿ, ಒಮ್ಮೆನೂ ಬಿದ್ದಿಲ್ಲ’ ಅಂದರು. ಬೈದದ್ದಲ್ಲ, ಆದರೂ ನನಗೆ ನಾಟಿತು.

ತಪ್ಪು ಟೈಲ್ಸಿನದಲ್ಲ, ಹೊಳಪಿನದು. ವಿಟ್ರಿಫೈಡ್ ಟೈಲ್ಸ್ ತನ್ನ ತೂಕದ ನೂರಕ್ಕೆ ಅರ್ಧ ಪಾಲಿಗಿಂತ ಹೆಚ್ಚು ನೀರು ಹೀರುವುದಿಲ್ಲ. ಅದಕ್ಕೇ ಅರಿಸಿನ, ಎಣ್ಣೆ ಒಳಗಿಳಿಯುವುದಿಲ್ಲ, ಒರೆಸಿದರೆ ಹೋಯಿತು. ಆದರೆ ಚೆಲ್ಲಿದ ನೀರೂ ಮೇಲೇ ನಿಲ್ಲುತ್ತದೆ. ನುಣುಪು ನೆಲದಲ್ಲಿ ಅಂಗಾಲಿಗೆ ಹಿಡಿತ ಸಿಗದು. ಅಡುಗೆಮನೆಗೆ ಟೈಲ್ಸೇ ಬೇಕೆಂದರೆ ಮ್ಯಾಟ್ ಫಿನಿಶ್ ಕೇಳಿ. ತೀರಾ ಒರಟಾದದ್ದು ಬೇಡ, ಜಿಡ್ಡು ಕೂತರೆ ಉಜ್ಜುವವರು ನಾವೇ ತಾನೆ?

ಇನ್ನು ನಮ್ಮ ಪರಸಿ. ಶಹಾಬಾದ, ವಾಡಿ ಸುತ್ತಿನ ಈ ಕಲ್ಲು ಸುಣ್ಣದ ಕಲ್ಲು. ಭೂಮಿಯಲ್ಲಿ ಪದರ ಪದರವಾಗಿ ಇರುವುದರಿಂದಲೇ ಚಪ್ಪಡಿಯಾಗಿ ಏಳುತ್ತದೆ. ವಾಡಿ, ಸೇಡಂ ಕಡೆಯ ಕಾರ್ಖಾನೆಗಳಲ್ಲಿ ಸುಣ್ಣದ ಕಲ್ಲನ್ನೇ ಸುಟ್ಟು ಸಿಮೆಂಟ್ ಮಾಡುತ್ತಾರೆ! ಗಡಿಯಾಚೆ ತೆಲಂಗಾಣದ ತಾಂಡೂರು ಕಲ್ಲೂ ಇದೇ ಜಾತಿ. ಪೂರ್ತಿ ಪಾಲಿಶ್ ಮಾಡಿಸದಿದ್ದರೆ ಒದ್ದೆ ಕಾಲಿಗೂ ಹಿಡಿತ ಕೊಡುತ್ತದೆ, ಹತ್ತಿರದಿಂದಲೇ ಬರುವುದರಿಂದ ಸಾಗಣೆ ಖರ್ಚೂ ಕಡಿಮೆ.

ಆದರೆ ಇದಕ್ಕೊಂದು ದೊಡ್ಡ ವೈರಿ ಉಂಟು: ಹುಳಿ. ಹುಣಸೆ ರಸ, ನಿಂಬೆ, ಮಜ್ಜಿಗೆ ಚೆಲ್ಲಿ ಹಾಗೇ ಬಿಟ್ಟರೆ ಆ ಜಾಗ ಮಾಸುತ್ತದೆ. ಕಲ್ಲಿನ ಸುಣ್ಣದ ಅಂಶವನ್ನು ಹುಳಿ ತಿನ್ನುತ್ತದೆ. ಗಡಸು ನೀರಿನ ಬಿಳಿ ಕಲೆ ಹೋಗಲೆಂದು ಬಚ್ಚಲಿಗೆ ಹಾಕುವ ಆ್ಯಸಿಡ್ ಇಲ್ಲಿಗೂ ಸುರಿದರಂತೂ ನೆಲ ಕೆಟ್ಟಂತೆಯೇ. ಮಾರ್ಬಲ್, ಕೋಟಾ ಕಲ್ಲಿಗೂ ಇದೇ ಗತಿ. ಗ್ರಾನೈಟ್ ಹುಳಿಗೆ ಹೆದರದು, ಆದರೆ ಪಾಲಿಶ್ ಮಾಡಿದ್ದು ಮತ್ತೆ ಜಾರುತ್ತದೆ. ಅದು ಕಟ್ಟೆಗೇ ಸರಿ. ತಂಪಿನ ಮಾತು ಬಿಡಿ, ಬೇಸಿಗೆಯಲ್ಲಿ ಕಲ್ಲಿಗೂ ಟೈಲ್ಸಿಗೂ ಅಂಥಾ ವ್ಯತ್ಯಾಸವೇನಿಲ್ಲ.

ಅಂಗಡಿಯವರ ಮಾತಿಗಿಂತ ಒಂದು ತುಂಡು ಮನೆಗೆ ತನ್ನಿ. ರಾತ್ರಿ ಅದರ ಮೇಲೆ ಅರ್ಧ ನಿಂಬೆ ಹಿಂಡಿ, ಇನ್ನೊಂದು ಮೂಲೆಗೆ ಅರಿಸಿನ ಕಲಸಿದ ಎಣ್ಣೆ ಹಚ್ಚಿ, ಬೆಳಿಗ್ಗೆ ಒರೆಸಿ ನೋಡಿ. ಆಮೇಲೆ ಹಿಟ್ಟು ಉದುರಿಸಿ, ನೀರು ಚಿಮುಕಿಸಿ, ಗೋಡೆ ಹಿಡಿದುಕೊಂಡು ಬರಿಗಾಲಲ್ಲಿ ಉಜ್ಜಿ ನೋಡಿ. ಮಕ್ಕಳು ನಕ್ಕರೆ ನಗಲಿ.

ಇನ್ನೊಂದು ಮಾತು ಮೇಸ್ತ್ರಿಗೆ ಮೊದಲೇ ಹೇಳಬೇಕು. ಹಳೇ ನೆಲ ಕೀಳದೆ ಮೇಲೆಯೇ ಹಾಕಿದರೆ ನೆಲ ಏರುತ್ತದೆ, ಬಾಗಿಲು ತಾಗುತ್ತದೆ, ನಡುಮನೆಗೆ ದಾಟುವಲ್ಲಿ ಎಡವುವಂಥ ಮೆಟ್ಟಿಲಾಗುತ್ತದೆ. ನೀರು ಮೋರಿಯ ಕಡೆ ಹರಿಯುವಷ್ಟು ಇಳಿಜಾರು ಇರಲಿ. ಸಂದಿಗೆ ಬಿಳಿ ಸಿಮೆಂಟ್ ತುಂಬಿಸಬೇಡಿ, ಅರಿಸಿನದ ಗೆರೆ ಮೂಡುತ್ತದೆ. ಎಪಾಕ್ಸಿ ತುಸು ದುಬಾರಿಯಾದರೂ ಕಲೆ ಹಿಡಿಯದು. ಹತ್ತರಲ್ಲಿ ಒಂದು ಪಾಲು ಹೆಚ್ಚಿಗೆ ಖರೀದಿಸಿ ಇಟ್ಟುಕೊಳ್ಳಿ, ಮುಂದೆ ಒಂದು ಒಡೆದರೆ ಅದೇ ಬಣ್ಣ ಸಿಗುವುದಿಲ್ಲ.

ನಮ್ಮ ಮನೆಯಲ್ಲಿ ಮತ್ತೆ ಪೂರ್ತಿ ಒಡೆಸುವಷ್ಟು ದುಡ್ಡಿರಲಿಲ್ಲ. ಒಲೆಯ ಮುಂದೆ, ಸಿಂಕಿನ ಕೆಳಗೆ ಮಾತ್ರ ಟೈಲ್ಸ್ ತೆಗೆಸಿ ಪರಸಿ ಕೂರಿಸಿದೆವು. ನೆಲ ಎರಡು ಬಣ್ಣವಾಯಿತು. ಬಂದವರು ‘ಇದೇನವಾ, ಟೈಲ್ಸ್ ಕಡಿಮಿ ಬಿದ್ವೇನು?’ ಅಂತ ಕೇಳುತ್ತಾರೆ. ಅತ್ತೆ ಆ ಪರಸಿ ಮೇಲೆಯೇ ಕೂತು ರೊಟ್ಟಿ ಬಡಿಯುತ್ತಿರುತ್ತಾರೆ.