ಮತ್ತೆ ಮತ್ತೆ ಬರುವವರು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ಊರುಗಳಲ್ಲಿಯೂ ತಾಲ್ಲೂಕು ಆಸ್ಪತ್ರೆಗಳಿವೆ. ಹಾವು ಕಡಿದವರು, ಅಪಘಾತಕ್ಕೆ ಈಡಾದವರು, ಹೆರಿಗೆಯ ನೋವು ತಿನ್ನುವವರು ಹಗಲಿರುಳೆನ್ನದೆ ಅಲ್ಲಿಗೆ ಬರುತ್ತಾರೆ. ಇವರ ನಡುವೆ ಅದೇ ಬಾಗಿಲಿಗೆ ಪದೇ ಪದೇ ಬರುವ ಕೆಲವರೂ ಇರುತ್ತಾರೆ. ಇಂಥವರನ್ನು ಕಂಡೊಡನೆ 'ಮತ್ತೆ ಬಂದೆಯಾ?' ಎನ್ನುವುದು ಸುಲಭ. 'ಏಕೆ ಬರಬೇಕಾಯಿತು?' ಎಂದು ಕೇಳುವುದು ಕಷ್ಟ. ಆದರೆ ಚಿಕಿತ್ಸೆ ಆರಂಭವಾಗುವುದು ಈ ಎರಡನೆಯ ಪ್ರಶ್ನೆಯಿಂದಲೇ.

ತೊಗರಿಕಟ್ಟಿಗೆ, ಕುಳ್ಳುಗಳ ಹೊಗೆಯಲ್ಲಿ ಬಾಳು ಸವೆಸಿದ ಮುದುಕಿಯೊಬ್ಬಳನ್ನು ಊಹಿಸಿಕೊಳ್ಳೋಣ. ಉಸಿರು ಕಟ್ಟಿದಾಗ ಆಸ್ಪತ್ರೆಯ ಯಂತ್ರವು ಔಷಧದ ಹಬೆಯನ್ನು ಕೊಟ್ಟು ಅವಳ ಉಸಿರನ್ನು ಮರಳಿಸಬಲ್ಲದು. ಮನೆಯ ಒಲೆಯನ್ನು ಬದಲಿಸಲಾರದು. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗುಳೆ ಹೋದ ಅಪಸ್ಮಾರದ ರೋಗಿಗೆ ಅಲ್ಲಿ ಗುಳಿಗೆ ತೀರಿದರೆ, ನಿಂತಿದ್ದ ಸೆಳವು ಮರಳುತ್ತದೆ. ಚುಚ್ಚುಮದ್ದು ಆ ಸೆಳವನ್ನು ನಿಲ್ಲಿಸುತ್ತದೆ. ಮುಂದಿನ ತಿಂಗಳ ಗುಳಿಗೆಯನ್ನು ಯಾರು ಕೊಡಬೇಕು?

ತುರ್ತು ವಿಭಾಗದಲ್ಲಿ ಜನಜಂಗುಳಿ ಹೆಚ್ಚಿದರೆ ನಿಜವಾದ ಆಪತ್ತಿನಲ್ಲಿರುವವರಿಗೆ ತೊಂದರೆಯಾಗುವುದೆಂಬ ವಾದವು ಸುಳ್ಳಲ್ಲ. ಆದರೆ ಬೈಗುಳದಿಂದ ಜಂಗುಳಿ ಕರಗದು. ಅವಮಾನಕ್ಕೆ ಅಂಜಿದವನು ಮುಂದಿನ ಸಲ ತಡವಾಗಿ ಬರುತ್ತಾನೆ, ಬಾರದೆಯೂ ಹೋಗಬಹುದು.

ಅಮೆರಿಕೆಯ ಕ್ಯಾಮ್ಡನ್ ನಗರದಲ್ಲಿ ಪದೇ ಪದೇ ಆಸ್ಪತ್ರೆ ಸೇರುವವರ ಮನೆಗಳಿಗೆ ದಾದಿಯರೂ ಸಮಾಜಕಾರ್ಯಕರ್ತರೂ ಹೋಗಿ ನೆರವಾದರು. 800 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಈ ನೆರವನ್ನಿತ್ತು ನಡೆಸಿದ ಪರೀಕ್ಷೆಯ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಆರು ತಿಂಗಳೊಳಗೆ ಮರಳಿ ಆಸ್ಪತ್ರೆ ಸೇರಿದವರ ಪ್ರಮಾಣ ಎರಡೂ ಗುಂಪುಗಳಲ್ಲಿ ನೂರಕ್ಕೆ ಸುಮಾರು 62! ಸದುದ್ದೇಶವೊಂದೇ ಸಾಲದೆಂಬುದನ್ನು ಇದು ತಿಳಿಸುತ್ತದೆ. ದಾರಿ ತೋರಿಸುವವರು ಇದ್ದರಷ್ಟೇ ಸಾಲದು. ಆ ದಾರಿಯ ಕೊನೆಯಲ್ಲಿ ಔಷಧ, ಅನ್ನ, ಸೂರುಗಳು ಇರಬೇಕು.

ನಮ್ಮ ನಾಡಿನಲ್ಲಿ 2024ರಲ್ಲಿ ಕೋಲಾರ ಜಿಲ್ಲೆಯಿಂದ ಆರಂಭವಾದ 'ಗೃಹ ಆರೋಗ್ಯ' ಯೋಜನೆಯು ರಕ್ತದೊತ್ತಡ, ಮಧುಮೇಹಗಳನ್ನು ಮನೆಬಾಗಿಲಲ್ಲೇ ಪರೀಕ್ಷಿಸಿ ಔಷಧವನ್ನು ಒದಗಿಸುವ ಗುರಿಯುಳ್ಳದ್ದು. ಇಂಥ ಕಾಳಜಿಯು ಗುಳೆ ಹೋಗುವವರನ್ನೂ ಹಿಂಬಾಲಿಸಬೇಕು. ಊರು ಬಿಡುವ ಮುನ್ನವೇ ಅವರ ಕೈಗೆ ಕೆಲವು ತಿಂಗಳುಗಳ ಗುಳಿಗೆ ಸಿಗಬೇಕು. ಹೊಗೆಯಿಲ್ಲದ ಒಲೆ ಬಡವರ ಮನೆಯಲ್ಲಿ ದಿನವೂ ಉರಿಯುವಂತಾಗಬೇಕು.

ವಿದ್ಯಾರ್ಥಿಗಳೇ, ನಿಮ್ಮ ಮನೆಯ ಹಿರಿಯರ ಗುಳಿಗೆಗಳು ಎಂದು ತೀರುವುವೆಂಬುದನ್ನು ಎಣಿಸಿ ನೆನಪಿಸುವುದು ನಿಮ್ಮಿಂದಾಗದ ಕೆಲಸವೇನಲ್ಲ. ಮತ್ತೆ ಮತ್ತೆ ಬರುವ ರೋಗಿಯು ಆಸ್ಪತ್ರೆಗೆ ಹೊರೆಯಲ್ಲ. ಆಸ್ಪತ್ರೆಯ ಹೊರಗೆ ನಾವು ಮಾಡದೆ ಉಳಿಸಿದ ಕೆಲಸಕ್ಕೆ ಅವನು ಸಾಕ್ಷಿ.